ನೀನು ಅಗಲ ಮಾಡಿದ ನೀರಿನ ತೂತು

ಮಾವಾ,

ಬೈಯುವುದಕ್ಕೇ ಬರೆಯುತ್ತಿದ್ದೇನೆ. ಸತ್ತವರನ್ನು ಬೈಯಬಾರದು ಅಂತಾಳೆ ಅಮ್ಮ. ನಿನ್ನ ತಂಗಿ ತಾನೇ, ಅನ್ನಲಿ.

ಶ್ರೀನಿವಾಸಪುರದ ನಮ್ಮ ಲಾರಿ ರಿಪೇರಿ ಶೆಡ್ಡಿನಲ್ಲಿ ನೀನು ಹೊಸ ಹೆಡ್ ಗ್ಯಾಸ್ಕೆಟ್ಟನ್ನು ದಿಮ್ಮಿಯ ಮೇಲಿಟ್ಟು ಪಂಚ್ ಹೊಡೆಯುತ್ತಿದ್ದದ್ದು ನೆನೆದರೆ ಈಗ ಮೈ ಉರಿಯುತ್ತದೆ. ಇಂಜಿನ್ ಬ್ಲಾಕಿನಲ್ಲಿ ನೀರಿನ ತೂತು ದೊಡ್ಡದು, ಅದಕ್ಕೂ ಮೇಲೆ ಮುಚ್ಚುವ ಹೆಡ್ಡಿಗೂ ನಡುವೆ ಕೂರುವ ಗ್ಯಾಸ್ಕೆಟ್ಟಿನಲ್ಲಿ ಚಿಕ್ಕದು. "ಕಂಪನಿಯೋರು ಜುಗ್ಗರು ಕಣ್ಲಾ, ನೀರು ಬಿಡೋಕೂ ಮನಸಿಲ್ಲ ನನ್ಮಕ್ಳಿಗೆ" ಎಂದು ನಗುತ್ತಾ ಎಲ್ಲವನ್ನೂ ಅಗಲ ಮಾಡಿಬಿಡುತ್ತಿದ್ದೆ. ನಾವೆಲ್ಲ ತಲೆದೂಗುತ್ತಿದ್ದೆವು. ನಿನ್ನನ್ನು ಕೇಳುವ ಧೈರ್ಯ ಯಾರಿಗಿತ್ತು?

ಡ್ರೈವರ್ ನಾರಾಯಣಪ್ಪ ನೆನಪಿದ್ದಾನಾ? ರಾಯಲ್ಪಾಡಿನಿಂದ ಮಾವಿನಕಾಯಿ ತರುತ್ತಿದ್ದವನು. ನೀನು ಗ್ಯಾಸ್ಕೆಟ್ ಹಾಕಿಕೊಟ್ಟ ಮೇಲೆ ದಿಣ್ಣೆ ಹತ್ತುವಾಗ ಅವನು ಓಡಿಸುತ್ತಿದ್ದ ಲಾರಿಯ ಇಂಜಿನ್ ಕುದಿದು ಹೆಡ್ಡು ಬಿರುಕು ಬಿಟ್ಟಿತು. "ನೀರು ಪೂರ್ತಿ ಇತ್ತು ಮೇಸ್ತ್ರಿ, ನನ್ ಮಕ್ಕಳಾಣೆ" ಎಂದ ಅವನು. ನೀನು ಲಾರಿ ಓನರ್ ಎದುರಿಗೇ ಏನಂದೆ? "ನೀರು ನೋಡ್ದೆ ಓಡ್ಸಿ ನನ್ ಕೆಲ್ಸದ ಮೇಲೆ ಹಾಕ್ತವ್ನೆ." ಓನರ್ ಅಂದೇ ಅವನ ಕೈಯಿಂದ ಕೀ ಕಿತ್ತುಕೊಂಡ. ಆಮೇಲೆ ಸುತ್ತಮುತ್ತಲಿನ ಯಾವ ಲಾರಿಯವರೂ ಅವನನ್ನು ಕರೆಯಲಿಲ್ಲ.

ನೀನು ಹೋದ ಮೇಲೆ ಅದೇ ಲಾರಿ ಮತ್ತೆ ಬಂತು. ಬೇರೆ ಡ್ರೈವರ್, ತುಂಬಾ ನೀರು, ಆದರೂ ಅದೇ ಕಡೇ ಸಿಲಿಂಡರಿನ ಹತ್ತಿರ ಬಿರುಕು! ಹೆಡ್ಡನ್ನು ಕೋಲಾರದ ಲೇತ್ ಅಂಗಡಿಗೆ ಒಯ್ದೆ. ಅಲ್ಲಿನವನು, ಹೋದ ಸಲ ನೀನೇ ಮತ್ತೆ ಹಾಕಿದ್ದ ಗ್ಯಾಸ್ಕೆಟ್ ನೋಡಿ, "ಯಾವನಯ್ಯಾ ಇದಕ್ಕೆ ಪಂಚ್ ಹೊಡ್ದಿರೋ ಪುಣ್ಯಾತ್ಮ?" ಎಂದ. ಅವನು ಬಿಡಿಸಿ ಹೇಳಿದ ಮೇಲೆ ತಿಳಿಯಿತು: ನೀರಿನ ಪಂಪ್ ಇರುವುದು ಇಂಜಿನ್ನಿನ ಮುಂದುಗಡೆ. ಅಲ್ಲಿ ತೂತು ಚಿಕ್ಕದಿದ್ದರೆ ತಾನೇ ನೀರು ಹಿಂದಿನ ಸಿಲಿಂಡರಿನವರೆಗೂ ಹೋಗಿ ಮೇಲಕ್ಕೆ ಹತ್ತುವುದು? ನೀನು ಅಗಲ ಮಾಡಿದ್ದರಿಂದ ನೀರೆಲ್ಲ ಮುಂದುಗಡೆಯೇ ಹೆಡ್ಡಿಗೆ ಏರಿತು, ಹಿಂದಿನದು ಬೆಂದುಹೋಯಿತು. ಹಿಪ್ಪುನೇರಳೆ ತೋಟಕ್ಕೆ ನೀರು ಕಟ್ಟಿದವನಲ್ಲವಾ ನೀನು? ಮೊದಲ ಪಾತಿಗೇ ಬಾಯಿ ಅಗಲ ಬಿಟ್ಟರೆ ಕಡೇ ಪಾತಿಗೆ ನೀರು ಮುಟ್ಟುತ್ತದಾ? ಹೋಗಲಿ, ಗೊತ್ತಾಗಲಿಲ್ಲ. ಆದರೆ ಕುಣಿಯಲಾರದವಳು ನೆಲ ಡೊಂಕು ಅಂದಂತೆ ಆ ಮನುಷ್ಯನ ಮೇಲೆ ಯಾಕೆ...

ನಾರಾಯಣಪ್ಪನನ್ನು ಹುಡುಕಿಕೊಂಡು ಹೋದೆ. ರಾಯಲ್ಪಾಡಿನ ಹತ್ತಿರ ಯಾರದೋ ತೋಟದಲ್ಲಿ ಟೊಮೇಟೊ ಕ್ರೇಟ್ ಹೊರುತ್ತಿದ್ದ. ಎಲ್ಲರೆದುರು, "ತಪ್ಪು ನಮ್ಮ ಮಾವಂದು ಅಣ್ಣಾ, ನಿಂದಲ್ಲ" ಎಂದೆ. ಕೂಗಾಡುತ್ತಾನೆ ಅಂದುಕೊಂಡಿದ್ದೆ. ಕ್ರೇಟ್ ಇಳಿಸಿ, "ನಿಜವಾಗ್ಲೂನಾ ತಮ್ಮಾ? ಅಷ್ಟು ದೊಡ್ಡ ಮೇಸ್ತ್ರಿ ಹೇಳಿದ್ಮೇಲೆ, ನಾನೇ ನೀರು ನೋಡೋದು ಮರ್ತೆನೇನೋ ಅಂತ..." ಎಂದು ಅಲ್ಲೇ ಕೂತುಬಿಟ್ಟ. ಕೇಳಿಸಿತಾ ಮಾವಾ? ತನ್ನ ಕಣ್ಣಿಗಿಂತ ನಿನ್ನ ಮಾತನ್ನು ನಂಬಿದ್ದ ಅವನು. ನನಗೆ ಅಳುವೂ ಬಂತು, ನಿನ್ನ ಮೇಲೆ ಕೆಟ್ಟ ಸಿಟ್ಟೂ ಬಂತು.

ಓನರ್ ಹತ್ತಿರ ಜಗಳವಾಡಿ ಲಾರಿಯನ್ನು ಅವನಿಗೇ ಕೊಡಿಸಿದ್ದೇನೆ. ಹೊಸ ಗ್ಯಾಸ್ಕೆಟ್ಟನ್ನು ಬಂದ ಹಾಗೇ ಕೂರಿಸಿದ್ದೇನೆ. ನಿನ್ನೆ ಲೋಡ್ ಹಾಕಿಕೊಂಡು ಮುಳಬಾಗಿಲಿಗೆ ಹೊರಟ, ನಾನೂ ಪಕ್ಕದಲ್ಲಿ ಕೂತೆ. ದಿಣ್ಣೆಯಲ್ಲೂ ಟೆಂಪರೇಚರ್ ಮುಳ್ಳು ಏರಲಿಲ್ಲ. ಆದರೂ ಊರೊಂದು ದಾಟಿದರೆ ಸಾಕು, ಲಾರಿ ನಿಲ್ಲಿಸಿ, ಇಳಿದು, ಬಗ್ಗಿ ಇಂಜಿನ್ನಿನ ನೀರಿನ ಡಬ್ಬಿ ನೋಡುತ್ತಾನೆ. "ಸರಿಯಾಗೈತೆ, ಸಾಕು ಬಾರಣ್ಣಾ" ಅಂದರೆ, "ನೀನೂ ಇಳ್ದು ಒಂದ್ಸಲ ನೋಡ್ಬಿಡು ತಮ್ಮಾ, ನಾಳೆ ಯಾರಾದ್ರೂ ಕೇಳಿದ್ರೆ ಹೇಳೋಕೆ" ಅನ್ನುತ್ತಾನೆ.