ಬೆಚ್ಚನೆಯ ಪೆಟ್ಟಿಗೆಯೊಳಗೆ ಸಿಕ್ಕ ಡಬ್ಬಿ

ತಿರುವನಂತಪುರ, ಮಂಗಳವಾರ

ದೊಡ್ಡಮ್ಮ, ನಮಸ್ಕಾರ.

ಬೇಸಿಗೆಯ ಸಂಶೋಧನಾ ಶಿಬಿರ ನಡೆಸುವುದೆಂದರೆ ಪೊಲೀಸ್ ಕೆಲಸವೆಂದು ನನಗೆ ಯಾರೂ ಹೇಳಿರಲಿಲ್ಲ. ಕೊಚ್ಚಿಯ ಹಿನ್ನೀರಿನಿಂದ ತರಿಸಿದ ನೀರಿನಲ್ಲಿ ಯಾವ ಬ್ಯಾಕ್ಟೀರಿಯಾ ಇವೆಯೆಂದು ನಮ್ಮ ಡಿಗ್ರಿ, ಎಂಜಿನಿಯರಿಂಗ್ ಮಕ್ಕಳು ಹುಡುಕುತ್ತಿದ್ದಾರೆ. ಎಲ್ಲರ ಗಾಜಿನ ತಟ್ಟೆಯಲ್ಲೂ ಒಂದೇ ಜಾತಿಯದು ಬೆಳೆಯಿತು, ಅದೂ ಮೊಸರಿನದು! ನನಗೆ ಆಗಲೇ ಗುಮಾನಿ. ಬ್ಯಾಕ್ಟೀರಿಯಾ ಬೆಳೆಸುವ ಬೆಚ್ಚನೆಯ ಪೆಟ್ಟಿಗೆಯನ್ನು ಇವತ್ತು ಜಾಲಾಡಿದರೆ, ಹಿಂದುಗಡೆ ಒಂದು ಸ್ಟೀಲ್ ಡಬ್ಬಿ, ಅದರ ತುಂಬ ಗಟ್ಟಿ ಮೊಸರು.

ನಿರ್ದೇಶಕ ವೆಂಕಟರಮಣ ಅವರು ಕೆಂಡಾಮಂಡಲವಾದರು. “ಹಾಸ್ಟೆಲ್ ಹುಡುಗರದೇ ಕೆಲಸ ಇದು. ನಾಳೆ ವಿಚಾರಣೆ ಮಾಡಿ ಮನೆಗೆ ಕಳಿಸ್ತೀನಿ,” ಎಂದರು. ನನ್ನ ಅನುಮಾನ ತನ್ಮಯ್ ಮೇಲಿತ್ತು. ಸದಾ ಆ ಪೆಟ್ಟಿಗೆಯ ಸುತ್ತ ಸುಳಿಯುವ ವಿದ್ಯಾರ್ಥಿ ಅವನೇ. “ಮೇಡಂ, ನಾನು ಮೊಸರೇ ಮುಟ್ಟಲ್ಲ, ಬೇಕಾದ್ರೆ ಅಮ್ಮನ್ನ ಕೇಳಿ,” ಎಂದು ಅತ್ತೇಬಿಟ್ಟ.

ಅವನು ಹೋದ ಮೇಲೆ ಚಮಚ ಹಾಕಿ ಕೆದಕಿದೆ. ಮೊಸರಿನೊಳಗೆ ತೊಟ್ಟು ಸಮೇತ ಒಂದು ಹಸಿಮೆಣಸಿನಕಾಯಿ. ಹುಳಿಯಾಗದಿರಲೆಂದು ನೀವು ಹಾಕುತ್ತೀರಲ್ಲ, ಹಾಗೆಯೇ! ಈ ಊರಿನಲ್ಲಿ ಆ ಉಪಾಯವನ್ನು ನಾನು ಹೇಳಿಕೊಟ್ಟದ್ದು ಒಬ್ಬರಿಗೇ, ಕಳೆದ ವಾರ, ನೀವು ಕೊಟ್ಟ ಹೆಪ್ಪಿನ ಜೊತೆ. ಕ್ಯಾಂಟೀನಿನ ನೀರು ಮಜ್ಜಿಗೆ ಸಾಕಾಗಿದೆಯೆಂದು ವೆಂಕಟರಮಣ ಅವರೇ ಕೇಳಿ ಪಡೆದಿದ್ದರು.

ನನ್ನ ಕೆಮ್ಮು ವಾಸಿ. ನಿಮ್ಮ ಮಂಡಿನೋವಿಗೆ ಚಾಲೈ ಪೇಟೆಯಲ್ಲಿ ಎಣ್ಣೆ ಕೊಂಡಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ನಾಳಿನ ವಿಚಾರಣೆಗೆ ಅವರೇ ಅಧ್ಯಕ್ಷರು. ಡಬ್ಬಿಯ ಮುಚ್ಚಳ ತೆಗೆದು ಅವರೆದುರಿಗೇ ಇಡುತ್ತೇನೆ.

ನಿಮ್ಮ ನಿರ್ಮಲ