ಮುಳ್ಳು ಕೆಂಪಿಗೆ ಬಂದಾಗ

ಒನೊಮಿಚಿ
ನವೆಂಬರ್ 2, 2008

ಪ್ರೀತಿಯ ಸಾಯೋಕೊ ಅಕ್ಕನಿಗೆ,

ಕೋಳಿ ಕೆದಕಿದಂತಿರುವ ನನ್ನ ಅಕ್ಷರವನ್ನು ಕ್ಷಮಿಸು. ಆರನೇ ತರಗತಿಯ ನಂತರ ಶಾಲೆಗೆ ಹೋಗಲು ಹೆದರಿ ಮನೆಯಲ್ಲೇ ಉಳಿದವಳು ನಾನು. ಬಾರದ ಅಕ್ಷರಗಳನ್ನೆಲ್ಲ ಬಿಟ್ಟು ಸುಲಭದವುಗಳಲ್ಲೇ ಬರೆದಿದ್ದೇನೆ. ತಪ್ಪಿದ್ದರೆ ನಗು, ಭಾವನಿಗೆ ಮಾತ್ರ ತೋರಿಸಬೇಡ.

ಯೆನ್ ಬೆಲೆ ಏರಿದಾಗಿನಿಂದ ಒಸಾಕಾದಿಂದ ನಿನ್ನ ಫೋನ್ ಇಲ್ಲ. ನಾವು ಮಾಡಿದರೂ ಎತ್ತುವುದಿಲ್ಲ. ನೀವಿಬ್ಬರೂ ಮನೆ ಕೊಳ್ಳಲು ಕೂಡಿಟ್ಟದ್ದು ಉಳಿಯಿತೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಅಮ್ಮನ ಸುದ್ದಿ ಹೇಳುತ್ತೇನೆ. ಹೇಳದಿದ್ದರೆ ನನಗೆ ನಿದ್ದೆ ಬಾರದು.

ಹೊಸವರ್ಷಕ್ಕೆ ಬಂದಾಗ ಅಡುಗೆಮನೆಯಲ್ಲಿ ನೀನೇ ಬಿಡಿಸಿ ಹೇಳಿದ್ದೆ: ನಮ್ಮ ಯೆನ್ ಸಾಲಕ್ಕೆ ಬಡ್ಡಿ ಇಲ್ಲವೆನ್ನುವಷ್ಟು ಕಡಿಮೆ, ನ್ಯೂಜಿಲೆಂಡಿನ ಡಾಲರಿಗೆ ಬಡ್ಡಿ ಹೆಚ್ಚು, ಇಲ್ಲಿ ಸಾಲ ತೆಗೆದು ಅಲ್ಲಿಯದನ್ನು ಕೊಂಡಿಟ್ಟರೆ ನಡುವಿನ ಬಡ್ಡಿ ದಿನಾ ಬೆಳಿಗ್ಗೆ ನಮ್ಮ ಖಾತೆಗೆ. ಕೈಯಲ್ಲಿ ಒಂದು ಪಾಲು ಹಣವಿದ್ದರೆ ಸಾಲ ಸೇರಿಸಿ ಹತ್ತು ಪಾಲು ಡಾಲರ್ ಕೊಳ್ಳಬಹುದು ಎಂದೂ ಹೇಳಿದೆ. ಅಮ್ಮ ಎರಡು ಪಾಲಿಗೇ ನಿಲ್ಲಿಸಿದಳು. ಬೀದಿಯವರೆಲ್ಲ ಕಾಸು ಕೊಟ್ಟು ಮೀಯಲು ಬರುವ ನಮ್ಮ ಸ್ನಾನಗೃಹದ ಹೊಸ ಬಾಯ್ಲರಿಗೆಂದು ಎತ್ತಿಟ್ಟ ಹಣವಲ್ಲವೇ ಅದು.

ಬೇಸಿಗೆಯವರೆಗೂ ಹೆಂಗಸರ ತೊಟ್ಟಿಯಲ್ಲಿ ಇದೇ ಮಾತು. ನಾನು ಗಲ್ಲಾಪೆಟ್ಟಿಗೆಯ ಹಿಂದೆ ತಲೆ ತಗ್ಗಿಸಿ ಕೂತು ಕೇಳುತ್ತಿದ್ದೆ. ಎದುರುಮನೆಯ ತೊಮಿಯೆ ಅತ್ತೆ, "ನಮ್ಮೆಜಮಾನ್ರು ರಾತ್ರಿಯಿಡೀ ಗೊರಕೆ ಹೊಡೀತಾರೆ, ಒಂದು ಯೆನ್ ಹುಟ್ಟಲ್ಲ. ನ್ಯೂಜಿಲೆಂಡು ನೋಡೇ, ಅದೇ ರಾತ್ರೀಲಿ ದುಡಿದು ಕೊಡ್ತದೆ!" ಎನ್ನುವರು. ತೊಟ್ಟಿಯೆಲ್ಲ ನಗು.

ಆಗಸ್ಟಿನಲ್ಲಿ ಯೆನ್ ಏರತೊಡಗಿತು. ಕೊಂಡಿಟ್ಟ ಡಾಲರಿನ ಬೆಲೆ ಇಳಿಯಿತು, ಸಾಲ ಮಾತ್ರ ಹಾಗೇ ನಿಂತಿತ್ತು. ಅಮ್ಮ ಆಗಲೇ ಎಲ್ಲ ಮಾರಿದಳು, ಸ್ವಲ್ಪ ನಷ್ಟಕ್ಕೆ.

"ನಷ್ಟಕ್ಕೆ ಮಾರ್ತಾರೇನೇ ಮಸಾಯೆ? ತೊಟ್ಟೀಲೂ ಈಜೋ ಟ್ಯೂಬು ಕಟ್ಕೊಂಡು ಇಳಿಯೋಳು ನೀನು!" ಎಂದು ತೊಮಿಯೆ ಅತ್ತೆ ಅಮ್ಮನನ್ನು ನೋಡಿ ನಕ್ಕರು. "ಸಂಜೆ ಅಂಗಡೀಲಿ ಮೀನಿಗೆ ಅರ್ಧ ಬೆಲೆ ಚೀಟಿ ಅಂಟಿಸ್ದಂಗೆ ಆಗಿದೆ. ಈಗ್ಲೇ ಇನ್ನಷ್ಟು ತಗೋಬೇಕು."

"ಆ ಮೀನನ್ನ ಅವತ್ತು ರಾತ್ರೀನೇ ತಿಂದು ಮುಗಿಸ್ತೀಯ. ಇದನ್ನ ಎಷ್ಟು ದಿನ ಇಟ್ಕೋತೀಯ?" ಎಂದಳು ಅಮ್ಮ. "ಬಾಯ್ಲರ್ ಮುಳ್ಳು ಕೆಂಪಿಗೆ ಬಂದ್ರೆ, ಇಳೀತೀಯೇನಪ್ಪಾ ಅಂತ ಕೇಳ್ತಾ ಕೂರ್ತೀನಾ? ಹಬೆ ಬಿಡ್ತೀನಿ. ಒಂದಿಷ್ಟು ಸೌದೆ ದಂಡ, ಅಷ್ಟೆ."

ತೊಮಿಯೆ ಅತ್ತೆ ಇನ್ನಷ್ಟು ಕೊಂಡರು. ಅವರಂತೆ ಹತ್ತು ಪಾಲು ಕೊಂಡವರಿಗೆ ಬೆಲೆ ಹತ್ತರಲ್ಲೊಂದು ಭಾಗ ಇಳಿದರೆ ಸಾಕು, ಸ್ವಂತದ್ದೆಲ್ಲ ಹೋಯಿತು. ಸಾಲ ಕೊಟ್ಟ ಕಂಪನಿಯೇ ಇದ್ದುದನ್ನೆಲ್ಲ ಮಾರಿ ಖಾತೆ ಮುಗಿಸಿತು, ಕೇಳಲೂ ಇಲ್ಲ. ನಾಚಿಕೆಯಿಂದ ತೊಮಿಯೆ ಅತ್ತೆ ಸ್ನಾನಕ್ಕೆ ಬರುವುದನ್ನೇ ಬಿಟ್ಟರು.

ಅಮ್ಮ ಅವರ ಬಾಗಿಲಲ್ಲಿ ನಿಂತು, "ನೀರು ಕಾದಿದೆ, ಬಾರೇ! ನನ್ನ ಹಂಗಿಸೋಕೆ ಯಾರೂ ಇಲ್ದೆ ತೊಟ್ಟಿ ಸಪ್ಪಗಿದೆ" ಎಂದು ಕೂಗಿದಳು. ಅಂದು ಇಬ್ಬರೂ ಬೆರಳು ಸುಕ್ಕಾಗುವ ತನಕ ನೀರಲ್ಲಿ ಕೂತಿದ್ದರು. ನಷ್ಟದ ಮಾತನ್ನು ಅಮ್ಮ ಎತ್ತಲೇ ಇಲ್ಲ. ಬಂದವರ ಮುಖ ನೋಡಲೂ ಹೆದರುವ ನಾನು, ಇಂಥವಳ ಮಗಳೆಂದು ಅಂದು ತಲೆ ಎತ್ತಿ ಕೂತೆ.

ನೀನೂ ಅವಳ ಮಗಳೇ ಅಕ್ಕ.

ನಿನ್ನ ತಂಗಿ
ಕೊಯುಕಿ

ಮರೆತಿದ್ದೆ: ಹಳೆ ಬಾಯ್ಲರ್ ಇನ್ನೊಂದು ಚಳಿಗಾಲ ತಳ್ಳುತ್ತದೆ ಎನ್ನುತ್ತಾಳೆ ಅಮ್ಮ. ನಷ್ಟ ಕಳೆದು ಉಳಿದ ಆ ಹಣ ಹಾಗೇ ಇದೆ. ಯಾರಿಗೆಂದು ಅವಳು ಹೇಳಿಲ್ಲ, ಮಹಡಿಯ ಕೋಣೆ ಗುಡಿಸು ಎಂದಳು ಅಷ್ಟೆ. ಇವತ್ತು ಬೆಳಿಗ್ಗೆ ಗುಡಿಸಿ, ಎರಡು ಹಾಸಿಗೆ ಬಿಸಿಲಿಗೆ ಹಾಕಿದೆ.