ಕಾಯಿಯ ಕಾಲಂ

ಏಪ್ರಿಲ್ 3, ಬೆಳಿಗ್ಗೆ 7.40
ಹದಿನೇಳನೇ ಗಿಡದಲ್ಲಿ ಮೊಗ್ಗಿಲ್ಲ. ನಿನ್ನೆ ಇತ್ತು, ನಾನೇ ಗುರುತು ಹಾಕಿದ್ದೆ. ತೊಟ್ಟು ಓರೆಯಾಗಿ, ನೀಟಾಗಿ ತುಂಡಾಗಿದೆ. ಜಿಂಕೆಯಾದರೆ ಹರಿದು ತಿನ್ನುತ್ತದೆ.

ಗೆಡ್ಡೆಯಿಂದ ಚಿಗುರುವ ಈ ಅಪರೂಪದ ಕಾಡುಹೂ ಎಣಿಸುವ ಕೆಲಸಕ್ಕೆ ಸೇರಿ ಕಲಿತದ್ದು ಇಷ್ಟು: ಒಂದೆಲೆ ಅಂದರೆ ಇನ್ನೂ ಎಳೆಯದು, ಏಳು ವರ್ಷ ಹಾಗೇ ಇರಬಹುದು. ಎರಡೆಲೆ ಬಂದರೆ ಹೂವಿನ ವಯಸ್ಸು. ಆಮೇಲೆ ಮೊಗ್ಗು, ಹೂವು, ಕಾಯಿ. ಹದಿನೈದಕ್ಕೆ ಇಲಾಖೆಯ ಲೆಕ್ಕಕ್ಕೆ ಎಣಿಕೆ. ನಲವತ್ತು ಹೂ ಇದ್ದರೆ ಈ ಕಾಡುತುಂಡು ಉಳಿಯುತ್ತದೆ. ಇಲ್ಲದಿದ್ದರೆ ಪಾರ್ಕಿಂಗ್ ಜಾಗ.

ಏಪ್ರಿಲ್ 5
ಇನ್ನೂ ಆರು ಮೊಗ್ಗು ಹೋಗಿವೆ. ಸರ್ವೆ ಮುಖ್ಯಸ್ಥರಿಗೆ ಹೇಳಿದೆ. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಾರೆ. ಮೂವತ್ತು ವರ್ಷದ ಅನುಭವ. ನಕ್ಕರು.
"ಬಸವನಹುಳು ಕಣಮ್ಮ. ಸಾಹಿತ್ಯ ಓದಿದೋರಿಗೆ ಎಲ್ಲದ್ರಲ್ಲೂ ಕೊಲೆ ಕಾಣುತ್ತೆ."
ಹುಳು ಹರಿದರೆ ಲೋಳೆಯ ಗೆರೆ ಬೇಡವೇ?

ಏಪ್ರಿಲ್ 6
ಗೇಟಿನ ಕಾವಲಿನವರ ಮೇಲೆ ಅನುಮಾನ. ತಡವರಿಸುತ್ತ ಕೇಳಿದೆ. ಟೋಪಿ ತೆಗೆದು ಬೋಳುತಲೆ ತೋರಿಸಿದರು.
"ನೀನೇ ಹೇಳು ತಾಯಿ, ಎಲ್ಲಿ ಮುಡ್ಕೊಳ್ಳಲಿ?"
ನಾಚಿಕೆಯಾಯಿತು. ಆದರೂ ಅವರ ಉಗುರು ನೋಡಿಯೇ ಬಂದೆ.

ಏಪ್ರಿಲ್ 11, ಬೆಳಿಗ್ಗೆ 6.10
ಬೇಗ ಹೋದೆ. ಮೇಷ್ಟ್ರು ಮಂಡಿಯೂರಿ ಕೂತಿದ್ದರು. ಚಿವುಟುವುದು, ಜೇಬಿಗೆ ಹಾಕುವುದು... ನನ್ನನ್ನು ಕಂಡರೂ ಗಾಬರಿಯಾಗಲಿಲ್ಲ.
"ಹೂ ಬಿಟ್ರೆ ಗೆಡ್ಡೆ ಕಳ್ಳರಿಗೆ ದಾರಿ ತೋರಿಸಿದ ಹಾಗೆ. ಬುಡಸಮೇತ ಕಿತ್ಕೊಂಡು ಹೋಗ್ತಾರೆ. ಇವು ನನ್ನ ಮಕ್ಕಳಿದ್ದ ಹಾಗಮ್ಮ."
"ಮತ್ತೆ... ಎಣಿಕೆ, ಸರ್?"
"ಚಿವುಟಿದ್ದನ್ನೂ ಹೂ ಅಂತಲೇ ಬರಿ. ಯಾರು ಬಂದು ಬಗ್ಗಿ ನೋಡ್ತಾರೆ?"

ಏಪ್ರಿಲ್ 13
ಅಷ್ಟು ಪ್ರೀತಿಯಿದ್ದರೆ ಹುಳುವಿನ ಸುಳ್ಳು ಯಾಕೆ? ಹಳೆಯ ಫಾರಂ ತೆಗೆದೆ. ಹೋದ ವರ್ಷ ನಲವತ್ತೊಂದು ಹೂ. ಅದರ ಹಿಂದಿನ ವರ್ಷವೂ ನಲವತ್ತೊಂದು. ಅದರ ಹಿಂದೆಯೂ. ಕಾಯಿಯ ಕಾಲಂ ಮಾತ್ರ ಪೂರ್ತಿ ಖಾಲಿ.
ಮಧ್ಯಾಹ್ನವೆಲ್ಲ ಕಾಡಿನಲ್ಲಿ ತೆವಳಿದೆ. ಹೊಸ ಮೊಳಕೆ ಒಂದೂ ಇಲ್ಲ. ಕಾಯಿಯೇ ಕಟ್ಟದಿದ್ದರೆ ಬೀಜ ಎಲ್ಲಿಂದ? ಕಳ್ಳರಿಂದ ಉಳಿಸಲು ಹೋಗಿ ಕಾಡನ್ನೇ ಬಂಜೆ ಮಾಡಿದ್ದಾರೆ. ಅವರಿಗೆ ಇದು ತಿಳಿಯದೆ? ಮೂವತ್ತು ವರ್ಷ!

ಏಪ್ರಿಲ್ 15, ಸಂಜೆ
ಮೇಷ್ಟ್ರು ಸಹಿ ಮಾಡಿದ ಫಾರಂ ಮೇಜಿನ ಮೇಲಿಟ್ಟು ಹೋಗಿದ್ದಾರೆ. ಹೂವಿನ ಕಾಲಂನಲ್ಲಿ ಆಗಲೇ 41.
"ಉಳಿದದ್ದು ತುಂಬಿಸಿಬಿಡಮ್ಮ" ಅಂದಿದ್ದರು ಹೋಗುವಾಗ, ಬೆನ್ನು ತಟ್ಟಿ.

ನಿಜ ಬರೆದರೆ ಕಾಡು ಹೋಗಬಹುದು. ಸುಳ್ಳು ಬರೆದರೆ ನಿಂತಲ್ಲೇ ಮುದಿಯಾಗಿ ಸಾಯುತ್ತದೆ.

ಹೊಸ ಫಾರಂ ತೆಗೆದುಕೊಂಡೆ. ಎರಡೆಲೆ, 58. ಹೂವು, 12. ಮೊಗ್ಗು ಚಿವುಟಿದ್ದು, 46. ಕೂಡಿದರೆ ನಲವತ್ತಕ್ಕೆ ಮೇಲೆಯೇ. ಇಲಾಖೆಯವರು ಒಪ್ಪುವರೋ ಇಲ್ಲವೋ. ನಾಳೆ ಮೇಷ್ಟ್ರು ಬರುವ ಮೊದಲೇ ಕಳಿಸುತ್ತೇನೆ, ನನ್ನೊಬ್ಬಳ ಸಹಿಯಲ್ಲಿ. ಚಿವುಟಿದವರು ಯಾರು ಅನ್ನುವುದನ್ನೂ ಷರಾದಲ್ಲಿ ಬರೆಯುತ್ತೇನೆ.